ಆ ಒಂದು ದಿನ ಮತ್ತು ನಮ್ಮ ಮನೆ

(ತಂಬ್ರಹಳ್ಳಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಉಳಿತಾಯ ಕಟ್ಟಿದ್ದಾಯ್ತು, ಸಾಲದ ಲೆಕ್ಕ ಮುಗೀತು. ನಡಾವಳಿ ಪುಸ್ತಕ ಮುಚ್ಚುವ ಮೊದಲು ಹೈಸ್ಕೂಲಿಗೆ ಹೋಗುವ ನಮ್ಮ ಮಕ್ಕಳ ಬಗ್ಗೆ ಸ್ವಲ್ಪ ಮಾತಾಡೋಣ.

ಫಾದರ್, ಸಿಸ್ಟರ್‌ಗಳು ನಡೆಸುವ ಪ್ರೌಢಶಾಲೆಗಳಲ್ಲಿ ಹದಿಹರೆಯದ ಮಕ್ಕಳಿಗಾಗಿ ಒಂದು ದಿನದ ಶಿಬಿರ ಮಾಡುವುದುಂಟು. ಎಲ್ಲಾ ಜಾತಿ, ಧರ್ಮದ ಮಕ್ಕಳೂ ಅದರಲ್ಲಿರುತ್ತಾರೆ. ಅವತ್ತು ಪುಸ್ತಕ ಇಲ್ಲ, ಪರೀಕ್ಷೆ ಇಲ್ಲ. ಆಟ, ಹಾಡು, ಗುಂಪಿನಲ್ಲಿ ಮಾತುಕತೆ. ಇದನ್ನು ಕೇಳಿ ಕೆಲವು ತಾಯಂದಿರು, "ಸಾಲಿಗೆ ಕಳಿಸಿದ್ದು ಆಟ ಆಡಾಕೇನ್ರೀ? ಮನ್ಯಾಗಿದ್ರ ಒಂದಿನ ಕಳೆನಾದ್ರೂ ತೆಗೀತಿದ್ಲು" ಅನ್ನುತ್ತಾರೆ. ಅವರು ಕೇಳುವುದರಲ್ಲಿ ತಪ್ಪಿಲ್ಲ. ಒಂದು ದಿನದ ಕೂಲಿಯ ಬೆಲೆ ನಮಗೂ ಗೊತ್ತು. ಅದಕ್ಕೇ ಆ ದಿನ ಏನು ನಡೆಯುತ್ತದೆ ಎಂದು ಹೇಳುತ್ತೇವೆ.

ಮಕ್ಕಳು ದುಂಡಗೆ ನಿಲ್ಲುತ್ತಾರೆ. ನೂಲಿನ ಉಂಡೆ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಹಿಡಿದವರು ತಮ್ಮದೊಂದು ಒಳ್ಳೆಯ ಗುಣ ಹೇಳಬೇಕು. ಕೊನೆಗೆ ನಡುವೆ ಒಂದು ಬಲೆಯಾಗುತ್ತದೆ. ಯಾರಾದರೂ ನೂಲು ಬಿಟ್ಟರೆ ಆ ಕಡೆ ಬಲೆ ಜೋತು ಬೀಳುತ್ತದೆ. ಇನ್ನೊಂದು ಆಟದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನನ್ನು ಗೆಳೆಯ ಮುಟ್ಟದೆ, ಬರೀ ಮಾತಿನಿಂದ ದಾರಿ ತೋರಿಸಿ ದಾಟಿಸಬೇಕು. ಮಧ್ಯಾಹ್ನ ಒಂದು ಡಬ್ಬಿ ಇಡುತ್ತಾರೆ. ಮನಸ್ಸಿಗೆ ಭಾರವಾದದ್ದನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಹಾಕಬಹುದು. ಈ ವಯಸ್ಸಿನ ಮಕ್ಕಳ ಭಾರ ಯಾವುದು? ಎಸ್ಸೆಸ್ಸೆಲ್ಸಿ ಭಯ, ಅಪ್ಪನ ಕುಡಿತ, ಮುಟ್ಟಿನ ನಾಚಿಕೆ, ಮೈಮೇಲೆ ಕೈ ಹಾಕುವವರ ಹೆದರಿಕೆ, ಓದು ಬಿಡಿಸಿ ಮದುವೆ ಮಾಡುತ್ತಾರೇನೋ ಎಂಬ ಚಿಂತೆ.

ಇದು ಬರೀ ಆಟ ಅಲ್ಲ. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮಕ್ಕಳಿಗೆ ಹತ್ತು ಜೀವನ ಕೌಶಲಗಳನ್ನು ಕಲಿಸಬೇಕೆಂದು ತಿಳಿಸಿತು. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ನೋವು ತಿಳಿಯುವುದು, ಸಿಟ್ಟು-ದುಃಖ ನಿಭಾಯಿಸುವುದು, ಸರಿಯಾದ ನಿರ್ಧಾರ ಮಾಡುವುದು ಇವೆಲ್ಲ ಅದರಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್‌ನವರು ಇವನ್ನು ಚಟುವಟಿಕೆಗಳ ಮೂಲಕ ಕಲಿಸಲು ಶಿಕ್ಷಕರಿಗೆ ತರಬೇತಿ ಕೊಟ್ಟರು.

ಅಕ್ಕಂದಿರೇ, ಇದು ನಿಮಗೆ ಹೊಸದಲ್ಲ. ಸಂಘಕ್ಕೆ ಮೊದಲ ಸಲ ಬಂದಾಗ ಹೆಸರು ಹೇಳೋಕೂ ಸೆರಗು ಬಾಯಿಗೆ ಅಡ್ಡ ಹಿಡಿದವರು ನಿಮ್ಮಲ್ಲೇ ಇದ್ದೀರಿ. ಇವತ್ತು ಬ್ಯಾಂಕ್ ಮ್ಯಾನೇಜರ್ ಮುಂದೆ ಕೂತು ಮಾತಾಡುತ್ತೀರಿ. ದುಂಡಗೆ ಕೂತು ಒಬ್ಬರ ಮಾತು ಒಬ್ಬರು ಕೇಳಿದ್ದರಿಂದ ಈ ಧೈರ್ಯ ಬಂತು. ಒಬ್ಬಳ ಕಂತು ತಪ್ಪಿದರೆ ಉಳಿದವರು ಅವಳ ಮನೆಗೆ ಹೋಗಿ "ಯಾಕವ್ವಾ, ಏನಾತು?" ಅಂತ ವಿಚಾರಿಸುತ್ತೀರಿ. ನಿಮಗೆ ಸಂಘ ಕೊಟ್ಟದ್ದನ್ನೇ ಮಕ್ಕಳಿಗೆ ಆ ದಿನ ಕೊಡುತ್ತದೆ.

ಇಟಲಿಯ ಸಂತ ಡಾನ್ ಬೋಸ್ಕೊ (1815–1888) ಬೀದಿ ಹುಡುಗರನ್ನು ಆಟದಿಂದಲೇ ಹತ್ತಿರ ಮಾಡಿಕೊಂಡವರು. ಅವರ ಸಭೆಯವರು ನಮ್ಮ ಹೊಸಪೇಟೆಯಲ್ಲೂ ಸೇವೆ ಮಾಡುತ್ತಿದ್ದಾರೆ. ಅವರ ತಾಯಿ ಮಾರ್ಗರಿಟಾ ಓದು ಬರಹ ಬಾರದ ರೈತ ಹೆಣ್ಣುಮಗಳು, ಚಿಕ್ಕ ವಯಸ್ಸಿಗೇ ವಿಧವೆ. 1846ರಲ್ಲಿ ತಮ್ಮ ಊರು ಬಿಟ್ಟು ಮಗನ ಜೊತೆ ಟ್ಯೂರಿನ್ ಪಟ್ಟಣಕ್ಕೆ ಹೋದರು. ತೀರಿಕೊಳ್ಳುವವರೆಗೆ ಹತ್ತು ವರ್ಷ ಆ ಹುಡುಗರಿಗೆ ಅಡುಗೆ ಮಾಡಿದರು, ಹರಿದ ಬಟ್ಟೆ ಹೊಲಿದರು, ಅವರ ಕಷ್ಟ ಕೇಳಿದರು. ಮಕ್ಕಳ ಮನಸ್ಸು ತಿಳಿಯೋದಕ್ಕೆ ಅಕ್ಷರ ಬರಲೇಬೇಕೆಂದಿಲ್ಲ.

ನಿಜವಾದ ಪರೀಕ್ಷೆ ಅವತ್ತಿನ ಸಂಜೆ ಮನೆಯಲ್ಲಿ. ಎಂದೂ ಬಾಯಿಬಿಡದ ಮಗಳು ಒಲೆ ಮುಂದೆ ಬಂದು, "ಅವ್ವಾ, ಒಂದು ಮಾತು ಹೇಳ್ಲಾ?" ಅಂದಾಗ ನಾವು "ಈಗ ಬಾಯಿ ಬಂತೇನು ನಿನಗ?" ಅಂದುಬಿಟ್ಟರೆ ಮುಗೀತು. ಆಕೆ ಮತ್ತೆ ಹೇಳಲಾರಳು. ಮಗ ಅತ್ತರೆ "ಗಂಡಸಾಗಿ ಅಳ್ತೀಯಾ" ಅನ್ನುವುದೂ ಹಾಗೆಯೇ.

ಆದ್ದರಿಂದ ನಮ್ಮ ವಿನಂತಿ ಇಷ್ಟು. ಶಿಬಿರದ ದಿನ ಮಕ್ಕಳನ್ನು ಹೊಲಕ್ಕೆ ಕರೆಯಬೇಡಿ. ಸಂಜೆ ಸ್ವಲ್ಪ ಹೊತ್ತು ಟಿ.ವಿ., ಮೊಬೈಲ್ ಬದಿಗಿಟ್ಟು, ಅವರು ಹೇಳುವುದನ್ನು ಬೈಯದೆ ಪೂರ್ತಿ ಕೇಳಿ. 18 ತುಂಬದ ಹುಡುಗಿ, 21 ತುಂಬದ ಹುಡುಗನ ಮದುವೆ 2006ರ ಕಾಯ್ದೆಯ ಪ್ರಕಾರ ನಿಷಿದ್ಧ. ನಮ್ಮ ಸಂಘದ ಯಾವ ಮನೆಯಲ್ಲೂ ಅಂಥ ಮದುವೆ ಆಗಬಾರದು, ಅದಕ್ಕೆ ಸಂಘದ ಸಾಲವೂ ಇಲ್ಲ ಎಂದು ಇವತ್ತೇ ಠರಾವು ಬರೆಯಿರಿ. ಮಕ್ಕಳಿಗೆ ತೊಂದರೆ ಆದರೆ 1098ಕ್ಕೂ, ಮನಸ್ಸು ತೀರಾ ಕುಗ್ಗಿದ್ದರೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ 14416ಕ್ಕೂ ಫೋನ್ ಮಾಡಿ. ಎರಡಕ್ಕೂ ಹಣ ಕೊಡಬೇಕಿಲ್ಲ.

ಶಾಲೆಯವರು ಮಾಡುವುದು ಒಂದು ದಿನ. ಉಳಿದ ದಿನಗಳೆಲ್ಲ ನಮ್ಮ ಕೈಯಲ್ಲಿವೆ. ಮುಂದಿನ ಸಭೆಗೆ ಬರುವಾಗ ನಿಮ್ಮ ಮಕ್ಕಳಿಂದ ಕೇಳಿದ ಒಂದು ಮಾತನ್ನು, ಅವರು ಒಪ್ಪಿದರೆ, ನಮ್ಮ ಜೊತೆ ಹಂಚಿಕೊಳ್ಳಿ.