ಫೈಲಿನೊಳಗೊಂದು ಒಗ್ಗರಣೆ ಡಬ್ಬಿ

ಮಕ್ಕಳೇ, ಮನೆಯ ಕಂಪ್ಯೂಟರಿನಲ್ಲಿ ನೀವು ಒಂದು ಚೆಂದದ ಪ್ರಬಂಧ ಟೈಪ್ ಮಾಡಿದಿರಿ ಅನ್ನಿ. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ತುಂಬ ಹಳೆಯ ಕಂಪ್ಯೂಟರೊಂದರಲ್ಲಿ ತೆರೆದಿರಿ. ಮೊದಲಿಗೆ ಇಂಗ್ಲಿಷಿನ ಪಿ, ಕೆ ಎಂಬ ಎರಡಕ್ಷರ. ಆಮೇಲೆ ಬರೀ ಚೌಕ, ಚುಕ್ಕಿ, ಅರ್ಥವಿಲ್ಲದ ಗುರುತು! ಅಳಬೇಡಿ. ಫೈಲು ಕೆಟ್ಟಿಲ್ಲ. ಅದನ್ನು ಓದುವ ಕ್ರಮ ಆ ಕಂಪ್ಯೂಟರಿಗೆ ಗೊತ್ತಿಲ್ಲ, ಅಷ್ಟೆ.

ಕಂಪ್ಯೂಟರು ಎಲ್ಲವನ್ನೂ ಸಂಖ್ಯೆಯಾಗಿಯೇ ಇಟ್ಟುಕೊಳ್ಳುತ್ತದೆ. ಯೂನಿಕೋಡ್ ಎಂಬ ಪಟ್ಟಿಯಲ್ಲಿ ನಮ್ಮ ‘ಕ’ ಅಕ್ಷರದ ಸಂಖ್ಯೆ 3221. ಅಕ್ಷರವಷ್ಟೇ ಸಾಲದು, ಯಾವುದು ದಪ್ಪಕ್ಷರ, ಯಾವುದು ತಲೆಬರಹ, ಚಿತ್ರ ಎಲ್ಲಿ ಕೂರಬೇಕು, ಇದನ್ನೆಲ್ಲ ಬರೆದಿಡಬೇಕು. ಹಾಗೆ ಬರೆದಿಡುವ ಕ್ರಮವೇ ಫಾರ್ಮ್ಯಾಟ್.

ಮೈಕ್ರೋಸಾಫ್ಟ್ ಕಂಪನಿಯ ‘ವರ್ಡ್’ ಎಂಬ ಬರೆಯುವ ತಂತ್ರಾಂಶ ಮೊದಲು ‘ಡಾಕ್’ ಎಂಬ ಕ್ರಮದಲ್ಲಿ ಬರೆದಿಡುತ್ತಿತ್ತು. 2007ರ ಆವೃತ್ತಿಯಲ್ಲಿ ‘ಡಾಕ್ಸ್’ ಎಂಬ ಹೊಸ ಕ್ರಮ ಬಂತು. ಹೊಸ ವರ್ಡ್ ಹಳೆಯ ಫೈಲನ್ನೂ ಓದಿತು. 2003ರ ವರ್ಡ್ ಮಾತ್ರ ಹೊಸ ಫೈಲಿನ ಮುಂದೆ ತಬ್ಬಿಬ್ಬಾಯಿತು. ಯಾಕೆ ಗೊತ್ತೇ? ನಾವು ಹಳಗನ್ನಡ ಕಲಿತು ಹಳೆಯ ಕವಿ ಪಂಪನನ್ನು ಓದಬಹುದು. ಪಂಪನ ಕೈಗೆ ಇಂದಿನ ಪತ್ರಿಕೆ ಕೊಟ್ಟರೆ ‘ಬಸ್ಸು’, ‘ಮೊಬೈಲು’ ಅವನಿಗೆ ತಿಳಿದೀತೇ? ಹಳೆಯ ವರ್ಡಿನ ಕಥೆಯೂ ಅದೇ. ಅದು ತಯಾರಾದಾಗ ಹೊಸ ಕ್ರಮ ಹುಟ್ಟಿಯೇ ಇರಲಿಲ್ಲ. ಅದಕ್ಕೆ ಹೊಸ ಕ್ರಮ ಕಲಿಸುವ ಸಣ್ಣ ತಂತ್ರಾಂಶವೊಂದನ್ನು ಮೈಕ್ರೋಸಾಫ್ಟ್ ಉಚಿತವಾಗಿ ಕೊಟ್ಟಿತು.

ಆ ಪಿ, ಕೆ ಏನು ಹಾಗಾದರೆ? ಅಡುಗೆಮನೆಯ ಒಗ್ಗರಣೆ ಡಬ್ಬಿ ನೋಡಿದ್ದೀರಲ್ಲ? ಹೊರಗೆ ಒಂದೇ ಡಬ್ಬಿ. ಮುಚ್ಚಳ ತೆಗೆದರೆ ಸಾಸಿವೆಗೊಂದು, ಜೀರಿಗೆಗೊಂದು ಬಟ್ಟಲು. ಡಾಕ್ಸ್ ಫೈಲೂ ಹಾಗೆಯೇ, ಹಲವು ಪುಟ್ಟ ಫೈಲುಗಳನ್ನು ಒತ್ತಿ ತುಂಬಿದ ‘ಜಿಪ್’ ಡಬ್ಬಿ. ಜಿಪ್ ಕ್ರಮವನ್ನು ರೂಪಿಸಿದವರು ಅಮೆರಿಕದ ಫಿಲ್ ಕಾಟ್ಜ್. ಅವರ ಹೆಸರಿನ ಮೊದಲಕ್ಷರಗಳೇ ಪಿ, ಕೆ!

ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಡಬ್ಬಿಯ ಮುಚ್ಚಳ ನೀವೇ ತೆಗೆಯಬಹುದು. ನಿಮ್ಮ ಪ್ರಬಂಧದ ಇನ್ನೊಂದು ಪ್ರತಿ ಮಾಡಿ. ಆ ಪ್ರತಿಯ ಹೆಸರಿನ ಕೊನೆಯಲ್ಲಿರುವ ‘ಡಾಕ್ಸ್’ ಅಳಿಸಿ ‘ಜಿಪ್’ ಎಂದು ಇಂಗ್ಲಿಷಿನಲ್ಲಿ ಬರೆದು ತೆರೆಯಿರಿ. ಒಳಗೆ ‘ವರ್ಡ್’ ಎಂಬ ಫೋಲ್ಡರು. ಅದರಲ್ಲಿ ‘ಮೀಡಿಯಾ’ ಎಂಬ ಬಟ್ಟಲಲ್ಲಿ ನೀವು ಹಾಕಿದ ಚಿತ್ರಗಳು, ‘ಡಾಕ್ಯುಮೆಂಟ್’ ಎಂಬ ಬಟ್ಟಲಲ್ಲಿ ನಿಮ್ಮ ವಾಕ್ಯಗಳು. ದಪ್ಪಕ್ಷರ ಮಾಡಿದ ಕಡೆ ‘ಬಿ’ ಎಂಬ ಗುರುತೂ ಸಿಗುತ್ತದೆ.

ಡಾಕ್ಸ್ ಕ್ರಮದ ನಿಯಮಗಳು ಈಗ ಗುಟ್ಟಲ್ಲ. 2008ರಲ್ಲಿ ಇದು ದೇಶದೇಶಗಳು ಒಪ್ಪಿದ ಕ್ರಮ, ಅಂದರೆ ಅಂತರರಾಷ್ಟ್ರೀಯ ಮಾನಕವಾಯಿತು. ವರ್ಡಿನಂಥದೇ ಇನ್ನೊಂದು ತಂತ್ರಾಂಶವಾದ ಲಿಬ್ರೆಆಫೀಸ್ ಬಳಸುವ ‘ಓಪನ್ ಡಾಕ್ಯುಮೆಂಟ್’ ಕ್ರಮ 2006ರಲ್ಲೇ ಮಾನಕವಾಗಿತ್ತು. ನಿಯಮ ಎಲ್ಲರಿಗೂ ತಿಳಿದಿದ್ದರೆ, ಮುಂದೆ ಯಾರು ಬೇಕಾದರೂ ಅದನ್ನು ಓದುವ ತಂತ್ರಾಂಶ ಬರೆಯಬಹುದು.

ಹಳೆಯ ಕಂಪ್ಯೂಟರಿಗೆ ಫೈಲು ಒಯ್ಯುವಾಗ ‘ಸೇವ್ ಆ್ಯಸ್’ ಒತ್ತಿ ‘ವರ್ಡ್ 97-2003’ ಆರಿಸಿ. ನಿಮ್ಮ ಬರಹವನ್ನು ಮಾತ್ರ ಎಲ್ಲರಿಗೂ ತಿಳಿದ ಕ್ರಮದಲ್ಲೇ ಜೋಪಾನ ಮಾಡಿ. ನಾಳೆ ನಿಮ್ಮ ಮಕ್ಕಳೂ ಅದನ್ನು ತೆರೆದು ಓದಬೇಕಲ್ಲವೇ?