ಹಿಂಬದಿಯ ಬಿಳಿ ದಾರ

ಸೂರತ್ ಜರಿಯ ಊರು, ಕಸೂತಿ ಯಂತ್ರಗಳ ಊರು. ಅಂಥ ಕಡೆ ರಿಪೇರಿಯಾದ ಯಂತ್ರವೊಂದು ಮನೆಗೆ ಬಂತೆಂದುಕೊಳ್ಳಿ. ಎಣ್ಣೆ ಬಿದ್ದಿದೆ, ಸದ್ದು ಇಳಿದಿದೆ. ಆದರೆ ಹಳೆಯ ಅಂಕಿಗೇ ಮೇಲ್ದಾರದ ಬಿಗಿಯ ಡಯಲ್ ತಿರುಗಿಸಿ ಹೊಲಿದರೆ ಹೂವಿನ ಎಸಳಿನ ಮೇಲೆಲ್ಲ ಬಾಬಿನ್ನಿನ ಬಿಳಿ ದಾರ ಇಣುಕುತ್ತದೆ!

ರಿಪೇರಿ ಕೆಟ್ಟಿತೆಂದು ಬೈಯಬೇಡಿ. ದಾರವನ್ನು ಬಿಗಿಹಿಡಿಯುವ ಪುಟ್ಟ ಬಿಲ್ಲೆಗಳ ನಡುವೆ ಮೊದಲು ನೂಲಿನ ಧೂಳು ತುಂಬಿತ್ತು. ಹಿಡಿತ ಸಡಿಲಾದಂತೆಲ್ಲ ನಾವು ಅಂಕಿ ಏರಿಸುತ್ತ ಹೋದೆವು. ಧೂಳು ಹೋಯಿತು, ಅಂಕಿ ಮಾತ್ರ ಹಾಗೇ ಉಳಿಯಿತು. ನಾವು ರೂಢಿಸಿಕೊಂಡಿದ್ದು ಯಂತ್ರದ ಕಾಯಿಲೆಯ ಲೆಕ್ಕ. ಈ ಮಾತು ನನ್ನನ್ನು ಬಹಳ ದಿನ ಕಾಡಿದೆ.

ಧಾರವಾಡದ ಕಸೂತಿಯಲ್ಲಿ ಗವಂತಿ ಹೊಲಿಗೆ ಎರಡೂ ಬದಿಗೆ ಒಂದೇ ರೀತಿ ಕಾಣಬೇಕು, ಗಂಟು ಹಾಕುವಂತಿಲ್ಲ. ಬಟ್ಟೆ ಮಗುಚಿದರೆ ಕೈಚಳಕ ಗೊತ್ತಾಗುತ್ತದೆ. ಯಂತ್ರಕ್ಕೂ ಪರೀಕ್ಷೆ ಅಲ್ಲೇ. ಸ್ಯಾಟಿನ್ ಹೊಲಿಗೆಯ ಒಂದು ಪಟ್ಟಿ ಹಾಕಿ ಮಗುಚಿ ನೋಡಿ: ನಡುವಿನ ಮೂರನೇ ಒಂದು ಭಾಗ ಬಿಳಿ ದಾರ, ಎರಡು ಅಂಚಿಗೂ ಬಣ್ಣದ ದಾರ ಇದ್ದರೆ ಬಿಗಿ ಸರಿಯಿದೆ. ಬಿಳಿ ಮೇಲಕ್ಕೆ ಬಂದರೆ ಮೇಲ್ದಾರವನ್ನು ಸ್ವಲ್ಪವೇ ಸಡಿಲಿಸಿ. ಜರಿ ದಾರಕ್ಕೆ ದೊಡ್ಡ ಕಣ್ಣಿನ ಸೂಜಿ ಬೇಕು, ವೇಗ ಕಡಿಮೆಯಿರಲಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹೊಸ ಅಂಕಿಯನ್ನು ಬರೆದಿಡಿ. ಮದುವೆಯ ರವಿಕೆಯನ್ನು ಚೌಕಟ್ಟಿಗೆ ಏರಿಸುವ ಮೊದಲು ಹಳೆ ಬಟ್ಟೆಯ ತುಂಡೊಂದರ ಮೇಲೆ ಹೊಲಿದು ನೋಡಿ.