ದವಾಖಾನಿಗೆ ಬಾರದವರ ಲೆಕ್ಕ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಆರೋಗ್ಯದ ಬಗ್ಗೆ ಎರಡು ಮಾತು ಹೇಳ್ರಿ ಅಂತ ಕರೆದೀರಿ. ನಾನು ಡಾಕ್ಟರ್ ಅಲ್ಲ, ಉಪಕೇಂದ್ರದಲ್ಲಿ ನರ್ಸಬಾಯಿ ಆಗಿ ನಿವೃತ್ತಳಾದವಳು. ಸಂಘದವರಿಗೆ ಲೆಕ್ಕ ಬೇಗ ತಿಳಿಯುತ್ತದೆ, ಅದಕ್ಕೆ ಲೆಕ್ಕದ ಮಾತನ್ನೇ ಆಡುತ್ತೇನೆ.

ದವಾಖಾನಿ ರಜಿಸ್ಟರದಾಗ ಇರೋದು ಬಂದವರ ಹೆಸರು. ಬರಲಾಗದವರ ಹೆಸರು ಅಲ್ಲಿ ಇರೋದಿಲ್ಲ. ನಮ್ಮ ಪೀರನವಾಡಿಯಿಂದ ಬೆಳಗಾವಿಗೆ ಬಸ್ಸೋ ಟಂಟಮ್ಮೋ ಸಿಗುತ್ತದೆ. ಅದೇ ಜಾಂಬೋಟಿ ರಸ್ತೆ ಹಿಡಿದು ಖಾನಾಪುರದ ಅಡವಿಗೆ ಹೋಗ್ರಿ. ಭೀಮಗಡದ ಒಳಗಿನ ಊರುಗಳಿಂದ ಮಳೆಗಾಲದಾಗ ರೋಗಿಯನ್ನು ಹೆಗಲ ಮೇಲೆ ಹೊತ್ತು ತಂದ ಸುದ್ದಿ ಪೇಪರದಾಗ ಓದೀರಿ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಜಾತಿ ಇಲ್ಲ, ಕನ್ನಡ-ಮರಾಠಿ ಇಲ್ಲ. ಡಾಕ್ಟರ್ ಹತ್ತಿರ ಮುಟ್ಟಲಿಕ್ಕೆ ಬೇಕಾಗುವ ಹೊತ್ತು ಮಾತ್ರ ಮನಿ ಮನಿಗೆ ಬೇರೆ. ರಕ್ತ ಜೋರಾಗಿ ಹೋದರೆ ಎರಡು ತಾಸಿನಲ್ಲಿ ಜೀವ ಹೋಗಬಹುದು.

ಇದನ್ನು ಹಳ್ಳಿಗೇ ಹೋಗಿ ಲೆಕ್ಕ ಹಾಕಿದ ಕೆಲಸ ನಮ್ಮ ಜಿಲ್ಲೆಯಲ್ಲೇ ಆಯಿತು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೇರಿಕದ ತಜ್ಞರ ಜೊತೆಗೂಡಿ 2002ರಿಂದ 2005ರವರೆಗೆ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ 1620 ಬಾಣಂತಿಯರನ್ನು ನೋಡಿದರು. ಮಾತ್ರೆ ಕೊಟ್ಟವರು ನನ್ನಂಥ ನರ್ಸಬಾಯಿಗಳೇ. ನಾನು ಅದರಲ್ಲಿ ಇರಲಿಲ್ಲ, ಇದ್ದಿದ್ದರೆ ಜಂಬ ಕೊಚ್ಚುತ್ತಿದ್ದೆ! ನಮ್ಮ ಕಾಲದಾಗ ರಕ್ತದ ಅಳತೆ ಅಂದರೆ "ಎರಡು ಸೀರೆ ತೊಯ್ದವು" ಅನ್ನೋದು. ಅವರು ಬಾಣಂತಿಯ ಕೆಳಗೆ ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಹಾಸು ಹಾಸಿ ಅಳೆದರು. ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದವರು, ಔಷಧಿ ಇಲ್ಲದ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 12. ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 6.4. ಅರ್ಧ ಜನಕ್ಕೆ ಔಷಧಿ ಇಲ್ಲದ ಮಾತ್ರೆ ಕೊಟ್ಟದ್ದು ನನಗೆ ಈಗಲೂ ಸಂಕಟವೇ. ಆದರೆ ಆ ಹೋಲಿಕೆ ಇಲ್ಲದೆ ಈ ಮಾತ್ರೆಯ ಗುಣ ಯಾರೂ ಒಪ್ಪುತ್ತಿರಲಿಲ್ಲ. ಈ ಮಾತ್ರೆಗೆ ಸೂಜಿ ಬೇಡ, ಫ್ರಿಜ್ ಬೇಡ, ಚೀಲದಾಗ ಒಯ್ಯಬಹುದು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಈಗ ಆಶಾ ಬಾಯಿ ಇದ್ದಾರೆ, 2008ರಿಂದ 108 ಗಾಡಿ ಇದೆ, ಹೆರಿಗೆ ಬಹುತೇಕ ದವಾಖಾನಿಯಲ್ಲೇ. ಬಾರದವರು ಮಾತ್ರ ಈಗಲೂ ಇದ್ದಾರೆ. ಸಕ್ಕರೆ ಕಾಯಿಲೆಯವ ಕಾಲಿಗೆ ಹುಣ್ಣಾದ ಮೇಲೆ ಬರುತ್ತಾನೆ. ಯಾಕೋ ತಮ್ಮಾ ಅಂದರೆ, "ಒಂದು ದಿನದ ಪಗಾರ ಹೋಗತೈತ್ರಿ ಬಾಯಾರ" ಅಂತಾನೆ.

ಬಾರದವರ ಲೆಕ್ಕ ಊರಾಗ ಯಾರ ಹತ್ತಿರ ಇದೆ? ನಿಮ್ಮ ಸಂಘದಾಗ! ಸಾಲ ಕೇಳೋವಾಗ ಮಂದಿ ಕಾರಣ ಹೇಳತಾರಲ್ಲ? ದವಾಖಾನಿ ಖರ್ಚಿಗೆ ಎಷ್ಟು ಸಾಲ ಹೋಯಿತು, ಯಾವ ಓಣಿಗೆ ಹೋಯಿತು, ಹೆಸರು ಬಿಟ್ಟು ಅಷ್ಟನ್ನೇ ಎಣಿಸಿರಿ. ಸಹಕಾರಿಗಳಿಗಾಗಿಯೇ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2023ರ ಜನವರಿಯಲ್ಲಿ ಮತ್ತೆ ಜಾರಿಗೆ ಬಂತು. ಸದಸ್ಯರಿದ್ದೂ ಅದರಾಗ ಹೆಸರು ಹಚ್ಚದ ಮನಿಗಳು ಎಷ್ಟು? ಕಾರ್ಯದರ್ಶಿಯವರು ಪಟ್ಟಿ ಮಾಡಿ ಕೊಟ್ಟರೆ, ಆ ಮನಿಗಳಿಗೆ ನಿಮ್ಮ ಜೊತೆ ನಾನೂ ಬರುತ್ತೇನೆ. ಮೊಣಕಾಲು ನೋವು ಐತಿ, ಸ್ವಲ್ಪ ನಿಧಾನ ನಡೀಬೇಕು ಅಷ್ಟೇ.